ಎಂಟು ದಿನದ ರಜೆಗೊಂದು ಸಾವು

ಆ ರಜೆ ಅರ್ಜಿಯನ್ನು ಬರೆದವಳು ನಾನು. ನನಗಿನ್ನೂ ಹನ್ನೆರಡು ತುಂಬಿರಲಿಲ್ಲ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಎರಡು ಮೂರು ವರ್ಷವಾಗಿತ್ತು. ಶಾಲೆಗೆ ಹೊಸ ಪಾಠಪುಸ್ತಕ ಬಂದಿತ್ತು, ಹೊಸ ಹಾಜರಿ ಪುಸ್ತಕ ಬಂದಿತ್ತು, ಹೊಸ ಇನ್‌ಸ್ಪೆಕ್ಟರು ಯಾವ ದಿನ ಬರುತ್ತಾರೋ ಎಂಬ ಹೆದರಿಕೆಯೂ ಬಂದಿತ್ತು. ನಾನು ಏಳನೆಯ ಕ್ಲಾಸಿನಲ್ಲಿದ್ದೆ.

ನಮ್ಮಪ್ಪ ಸೋಮವಾರಪೇಟೆ ಕಡೆಯ ಒಂದು ಎಸ್ಟೇಟಿನಲ್ಲಿ ಲಾರಿ ಡ್ರೈವರ್. ತಮಿಳು ಕೂಲಿಯವರ ಸಾಲುಮನೆಗಳಾದ ಲೈನುಗಳು ಮುಗಿಯುವ ತುದಿಯಲ್ಲಿ ಎರಡು ಕೋಣೆಯ ಒಂದು ಮನೆ ಕೊಟ್ಟಿದ್ದರು. ಅಪ್ಪ, ಅವ್ವ, ನಾನು, ನನ್ನ ತಮ್ಮ, ಅಪ್ಪನ ತಾಯಿಯಾದ ಅಜ್ಜಿ, ಅಜ್ಜಿಯ ಒಂದು ಹಸು, ಇಷ್ಟೇ ನಮ್ಮ ಸಂಸಾರ. ತಮ್ಮ ಎಸ್ಟೇಟಿನ ಒಳಗೇ ಇದ್ದ ಚಿಕ್ಕ ಶಾಲೆಗೆ ಹೋಗುತ್ತಿದ್ದ. ನಾನು ಮಾತ್ರ ಮೂರು ಮೈಲಿ ನಡೆದು ರಸ್ತೆಬದಿಯ ಪೇಟೆಯ ಶಾಲೆಗೆ ಹೋಗುತ್ತಿದ್ದೆ. ಆ ಎಸ್ಟೇಟಿನಿಂದ ಅಲ್ಲಿಗೆ ಹೋಗುತ್ತಿದ್ದ ಹುಡುಗಿ ನಾನೊಬ್ಬಳೇ.

ಕಾಫಿ ಕುಯ್ಲು ಮುಗಿದು, ಕಣದಲ್ಲಿ ಒಣಗಿ, ಮೂಟೆ ಕಟ್ಟಿದ ಮೇಲೆ ಅದು ಮಂಗಳೂರಿನ ಕ್ಯೂರಿಂಗ್ ವರ್ಕ್ಸಿಗೆ ಹೋಗುತ್ತಿತ್ತು. ಸಿಪ್ಪೆ ತೆಗೆದು ಬೀಜ ಆರಿಸುವ ದೊಡ್ಡ ಕಾರ್ಖಾನೆ ಅದು. ಅಪ್ಪ ಪ್ರತಿವರ್ಷ ಹೋಗಿ ಮರುದಿನ ತಿರುಗಿ ಬರುತ್ತಿದ್ದ. ಆ ವರ್ಷ ಮಾತ್ರ ಒಂದು ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಹೇಳಿದ:

"ಲಾರಿಗೆ ಬಾಡಿ ಕೆಲ್ಸ ಐತೆ. ಮೂಟೆ ಇಳಿಸಿ ಅಲ್ಲೇ ವರ್ಕ್‌ಶಾಪಿಗೆ ಬಿಡ್ಬೇಕು. ಎಂಟು ದಿನ ಆಯ್ತದಂತೆ. ಮನೆಯವ್ರನ್ನೂ ಕರ್ಕೊಂಡೋಗು ಅಂದವ್ರೆ ಸಾಹುಕಾರ್ರು. ನಾಳೆ ಬೆಳಿಗ್ಗೆ ಹೊರಡಾನ."

ಅವ್ವನ ಕೈ ಸಾರಿನ ಸೌಟಿನಲ್ಲೇ ನಿಂತುಹೋಯಿತು. ಅವಳ ಅಕ್ಕ, ನಮ್ಮ ದೊಡ್ಡಮ್ಮ, ಅದೇ ಮಂಗಳೂರಿನಲ್ಲಿದ್ದಳು. ದೊಡ್ಡಪ್ಪ ಆ ಕ್ಯೂರಿಂಗ್ ವರ್ಕ್ಸಿನಲ್ಲೇ ವಾಚ್‌ಮನ್. ಆರು ವರ್ಷದಿಂದ ಅಕ್ಕ ತಂಗಿ ಮುಖ ನೋಡಿರಲಿಲ್ಲ. ಸಮುದ್ರವನ್ನಂತೂ ನಮ್ಮಲ್ಲಿ ಅಪ್ಪನನ್ನು ಬಿಟ್ಟು ಯಾರೂ ನೋಡಿರಲಿಲ್ಲ.

"ಇವಳ ಸ್ಕೂಲು?" ಎಂದಳು ಅವ್ವ.

"ಎಂಟು ದಿನ ತಾನೆ. ಒಂದು ಅರ್ಜಿ ಬರೆದು ಕೊಟ್ರಾಯ್ತು."

"ಅತ್ತೆಮ್ಮ, ನೀವೂ ಬನ್ನಿ," ಎಂದಳು ಅವ್ವ ಅಜ್ಜಿಯ ಕಡೆ ತಿರುಗಿ.

"ನಾ ಒಲ್ಲೆ ಕಣವ್ವ. ಹಸ ಯಾರು ನೋಡ್ತಾರೆ? ಆ ಹೊಗೆಗಾಡೀಲಿ ಕೂತ್ರೆ ನನ್ನ ಕರುಳೆಲ್ಲ ಬಾಯಿಗೆ ಬತ್ತದೆ. ನೀವು ಹೋಗ್ಬುಟ್ಟು ಬನ್ನಿ."

ಎರಡನೆಯ ಸಲ ಯಾರೂ ಕರೆಯಲಿಲ್ಲ. ಇದನ್ನು ಯಾಕೆ ಬರೆಯುತ್ತಿದ್ದೇನೆಂದರೆ, ನಮ್ಮ ಕಡೆ ಯಾರನ್ನೇ ಆಗಲಿ ಎಲ್ಲಿಗೇ ಆಗಲಿ ಮೂರು ಸಲ ಕರೆಯದೆ ಅವರು ಹೊರಡುವುದಿಲ್ಲ. ಅದು ಅಪ್ಪನಿಗೂ ಗೊತ್ತಿತ್ತು, ಅವ್ವನಿಗೂ ಗೊತ್ತಿತ್ತು.

ಊಟವಾದ ಮೇಲೆ ನಾನು ಅರ್ಜಿ ಬರೆಯಲು ಕೂತೆ. ಅಪ್ಪನಿಗೆ ಬೋರ್ಡು ಓದಲು ಬರುತ್ತಿತ್ತು, ರುಜು ಹಾಕಲು ಬರುತ್ತಿತ್ತು. ಒಂದು ಕಾಗದ ಓದುವುದೂ ಸಾಧ್ಯವಿತ್ತು, ನಿಧಾನವಾಗಿ, ಬೆರಳಿಟ್ಟುಕೊಂಡು. ಬರೆಯುವುದು ಮಾತ್ರ ಆಗುತ್ತಿರಲಿಲ್ಲ. "ಏನಾದ್ರೂ ಕಾರಣ ಹಾಕಿ ಬರಿ, ರುಜು ಹಾಕ್ತೀನಿ," ಎಂದು ಲಾರಿಯ ಹತ್ತಿರ ಹೋದ.

ಆ ಕಾರಣವೇ ತೊಡಕಾಯಿತು. ಹೆಡ್‌ಮಾಸ್ಟರು ಜನವರಿಯಲ್ಲೇ ಕ್ಲಾಸಿಗೆ ಬಂದು ಹೇಳಿದ್ದರು. ಪರೀಕ್ಷೆ ಮುಗಿಯುವ ತನಕ ಮದುವೆಗೆ ರಜೆ ಇಲ್ಲ, ನೆಂಟರ ಮನೆಗೆ ರಜೆ ಇಲ್ಲ, ಕಾಫಿ ಕುಯ್ಯುವುದಕ್ಕೆ ರಜೆ ಇಲ್ಲ. ಕಾಯಿಲೆಯಾದರೆ ಡಾಕ್ಟರ ಚೀಟಿ ತರಬೇಕು. ಮನೆಯಲ್ಲಿ ಸಾವಾದರೆ ಮಾತ್ರ ಏನೂ ಕೇಳದೆ ರಜೆ. ಅವರು ಹೇಳಿದ್ದನ್ನು ಒಂದಕ್ಷರ ಬಿಡದೆ ನೆನಪಿಟ್ಟುಕೊಳ್ಳುವ ಹುಡುಗಿ ನಾನು. ಡಾಕ್ಟರ ಚೀಟಿ ನಮ್ಮ ಹತ್ತಿರ ಇರಲಿಲ್ಲ. ಹಾಗಾದರೆ ಸಾವು. ಯಾರದು ಎಂದು ಯೋಚಿಸಿದೆ. ಅಪ್ಪ, ಅವ್ವ, ತಮ್ಮ, ಇವರ ಹೆಸರು ಮನಸ್ಸಿಗೆ ಬಂದ ಕೂಡಲೇ ಹೆದರಿಕೆಯಾಯಿತು. ಅಜ್ಜಿಯದೆಂದಾಗ ಅಂಥ ಹೆದರಿಕೆ ಆಗಲಿಲ್ಲ. ಅಜ್ಜಿಗೆ ವಯಸ್ಸಾಗಿತ್ತು. ನನ್ನ ಯೋಚನೆ ಅಷ್ಟೇ ದೂರ ಹೋಗಿದ್ದು.

ಅಜ್ಜಿ ನನ್ನ ಮಗ್ಗುಲಲ್ಲೇ ಮೊರ ಇಟ್ಟುಕೊಂಡು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು.

"ಏನ್ ಬರೀತಿದೀಯ ಮಗ?"

"ರಜೆ ಅರ್ಜಿ ಅಜ್ಜಿ."

"ದುಂಡಗೆ ಬರಿ. ಮೇಷ್ಟ್ರು ಬೈಬಾರ್ದು."

ನಾನು ದುಂಡಗೆ ಬರೆದೆ. 'ನಮ್ಮ ಅಜ್ಜಿಯವರು ನಿನ್ನೆಯ ದಿವಸ ದೈವಾಧೀನರಾದ ಕಾರಣ, ಮನೆಯಲ್ಲಿ ಸೂತಕವಿರುವುದರಿಂದ, ನನಗೆ ಎಂಟು ದಿನಗಳ ರಜೆಯನ್ನು ದಯಪಾಲಿಸಬೇಕಾಗಿ ಬೇಡಿಕೊಳ್ಳುತ್ತೇನೆ.' ವ್ಯಾಕರಣದ ಪುಸ್ತಕದ ಕೊನೆಯಲ್ಲಿ ಕೆಲವು ಮಾದರಿ ಪತ್ರಗಳಿದ್ದವು. 'ದೈವಾಧೀನ' ಎಂಬ ಮಾತನ್ನು ಅಲ್ಲಿಂದ ಕಲಿತಿದ್ದೆ. ಅದನ್ನು ಬರೆಯಲು ಸಿಕ್ಕಿತೆಂದು ಒಳಗೊಳಗೇ ಸಂತೋಷವೂ ಆಗಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

ಸಂಜೆ ಅಪ್ಪ ಬಂದು ಕಾಗದ ತೆಗೆದುಕೊಂಡ. ಸುಮ್ಮನೆ ರುಜು ಹಾಕುತ್ತಾನೆ ಎಂದುಕೊಂಡಿದ್ದೆ. ಆದರೆ ಬಾಗಿಲ ಬೆಳಕಿಗೆ ಹಿಡಿದು ಬೆರಳಿಟ್ಟು ಓದತೊಡಗಿದ. ಬೆರಳು ಒಂದು ಕಡೆ ನಿಂತಿತು. ಅವನು ತಲೆಯೆತ್ತಿ ಒಲೆಯ ಮುಂದೆ ಕೂತಿದ್ದ ಅಜ್ಜಿಯನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ. ಈಗ ಕೆನ್ನೆಗೆ ಬೀಳುತ್ತದೆ ಎಂದು ನಾನು ಕಣ್ಣು ಮುಚ್ಚಿದೆ. ಕಣ್ಣು ಬಿಟ್ಟಾಗ ಅವನು ಕಾಗದವನ್ನು ಮಣೆಯ ಮೇಲಿಟ್ಟು ರುಜು ಹಾಕುತ್ತಿದ್ದ.

ನಮ್ಮಪ್ಪ ಸುಳ್ಳು ಹೇಳುವವನಲ್ಲ. ಎಸ್ಟೇಟಿನಲ್ಲಿ ಒಂದು ಡಬ್ಬಿ ಪೆಟ್ರೋಲು ಹೆಚ್ಚುಕಡಿಮೆಯಾದರೆ ಲೆಕ್ಕ ಬರೆಯುವ ರೈಟರು ಮೊದಲು ಅವನನ್ನೇ ಸಾಕ್ಷಿಗೆ ಕರೆಯುತ್ತಿದ್ದರು. ಅಂಥವನ ರುಜು ಆ ಕಾಗದದ ಕೆಳಗೆ ಒಣಗುತ್ತಿತ್ತು. ಬೈದಿದ್ದರೆ ಹರಿದುಹಾಕಿ ಬೇರೆ ಬರೆಯುತ್ತಿದ್ದೆ.

ಬೆಳಿಗ್ಗೆ ಲಾರಿ ಹೊರಟಿತು. ಮುಂದೆ ನಾವು ನಾಲ್ವರು, ಹಿಂದೆ ಮೂಟೆಗಳ ಮೇಲೆ ಕ್ಲೀನರು. ಅಜ್ಜಿ ಹಸುವಿನ ಹಗ್ಗ ಹಿಡಿದುಕೊಂಡೇ ಅಂಗಳದಲ್ಲಿ ನಿಂತಿದ್ದಳು. ಶಾಲೆಯ ಮುಂದೆ ಅಪ್ಪ ಲಾರಿ ನಿಲ್ಲಿಸಿ ಇಳಿದುಹೋಗಿ, ಜಗಲಿ ಗುಡಿಸುತ್ತಿದ್ದ ಜವಾನನ ಕೈಗೆ ಅರ್ಜಿ ಕೊಟ್ಟ. ಜವಾನ ಏನೋ ಕೇಳಿದ. ಅಪ್ಪ "ಮೇಷ್ಟ್ರಿಗೆ ಕೊಡು" ಎಂದಷ್ಟೇ ಹೇಳಿ ಬಂದು ಹತ್ತಿದ.

ಸಂಪಾಜೆ ಘಾಟಿಯಲ್ಲಿ ತಮ್ಮ ಎರಡು ಸಲ ವಾಂತಿ ಮಾಡಿದ. ಸುಳ್ಯದಲ್ಲಿ ಅವಲಕ್ಕಿ ತಿಂದೆವು. ಪುತ್ತೂರು ಕಳೆದ ಮೇಲೆ ಸೆಕೆ ಶುರುವಾಯಿತು. ಅಂಥ ಸೆಕೆಯನ್ನು ನಾವು ಕಂಡಿರಲಿಲ್ಲ. ಅವ್ವ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, "ಇಲ್ಲಿ ಜನ ಹೆಂಗೆ ಬಾಳ್ತಾರೆ?" ಎಂದು ಕೇಳಿದಳು. ನೇತ್ರಾವತಿ ಸೇತುವೆಯ ಮೇಲೆ ಹೋಗುವಾಗ, ಇದೇ ಸಮುದ್ರ ಎಂದು ತಮ್ಮ ಕೂಗಿಕೊಂಡ.

ನಿಜವಾದ ಸಮುದ್ರವನ್ನು ಮೂರನೆಯ ದಿನ ನೋಡಿದೆವು. ದೊಡ್ಡಪ್ಪ ನಮ್ಮನ್ನೆಲ್ಲ ಬಂದರಿಗೆ ಕರೆದುಕೊಂಡು ಹೋಗಿ ದೋಣಿ ಹತ್ತಿಸಿದ. ನದಿ ದಾಟಿ, ಮೀನು ಒಣಗಿಸಿದ್ದ ಮರಳ ದಿಬ್ಬ ಹತ್ತಿ ಆಚೆ ನೋಡಿದರೆ ನೀರು. ಎದುರಿಗೆ ಬೆಟ್ಟವೇ ಇಲ್ಲ. ನಮ್ಮ ಕಡೆ ಎತ್ತ ತಿರುಗಿದರೂ ಕಣ್ಣಿಗೆ ಒಂದು ಬೆಟ್ಟ ತಗುಲಿ ನಿಲ್ಲುತ್ತಿತ್ತು. ಇಲ್ಲಿ ಕಣ್ಣಿಗೆ ನಿಲ್ಲಲು ಏನೂ ಇಲ್ಲದೆ ನನಗೆ ತಲೆ ತಿರುಗಿ ಮರಳಿನ ಮೇಲೆ ಕೂತುಬಿಟ್ಟೆ. ಅವ್ವ ಸೀರೆ ಎತ್ತಿ ಕಟ್ಟಿ ಅಕ್ಕನ ಕೈ ಹಿಡಿದುಕೊಂಡು ಅಲೆಗೆ ಇಳಿದಳು. ಅವಳು ಅಷ್ಟು ಜೋರಾಗಿ ನಗುವುದನ್ನು ನಾನು ಅದಕ್ಕೆ ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ.

ಆ ಎಂಟು ದಿನ ಸುಖದ ದಿನಗಳು. ಅದನ್ನು ಇಲ್ಲವೆನ್ನಲಾರೆ. ಕ್ಯೂರಿಂಗ್ ವರ್ಕ್ಸಿನ ದೊಡ್ಡ ಹಜಾರದಲ್ಲಿ ನೂರಾರು ಹೆಂಗಸರು ಸಾಲಾಗಿ ಕೂತು ಕಾಫಿಬೀಜ ಆರಿಸುತ್ತಿದ್ದರು. ಅವರ ತುಳು ಮಾತು ಕೇಳುತ್ತ ನಾನೂ ತಮ್ಮನೂ ಬಾಗಿಲಲ್ಲಿ ನಿಲ್ಲುತ್ತಿದ್ದೆವು. ದೊಡ್ಡಮ್ಮ ನೀರುದೋಸೆ ಹಾಕಿಕೊಡುತ್ತಿದ್ದಳು. ಆದರೆ ಮೊದಲ ದಿನವೇ ಅವಳು, "ನಿಮ್ಮಜ್ಜಿ ಹೆಂಗವ್ರೆ ಮಗ?" ಎಂದು ಕೇಳಿದಳು. "ಚೆನ್ನಾಗವ್ರೆ" ಎಂದೆ. ನಿಜವನ್ನೇ ಹೇಳಿದ್ದೆ. ಆದರೂ ಸುಳ್ಳು ಹೇಳಿದಂತೆ ಅನ್ನಿಸಿತು.

ಸಮುದ್ರದ ಹತ್ತಿರ ಅಪ್ಪ ಒಬ್ಬನೇ ಕೂತು ಬೀಡಿ ಸೇದುತ್ತಿದ್ದಾಗ ಹೋಗಿ ಕೇಳಿದೆ.

"ಅಪ್ಪ, ನೀನು ಅರ್ಜಿ ಪೂರ್ತಿ ಓದಿದ್ಯಾ?"

ಅವನು ಬೀಡಿಯನ್ನು ಮರಳಿಗೆ ಚುಚ್ಚಿದ. "ಓದ್ದೆ."

"ಮತ್ತೆ?"

"ನಿಮ್ಮವ್ವ ಆಗ್ಲೇ ಸೀರೆ ಮಡಿಸಿ ಇಟ್ಟಿದ್ಲು." ಎದ್ದು ಮರಳು ಕೊಡವಿಕೊಂಡು, "ಇನ್ನು ಅದರ ಮಾತು ಬೇಡ. ಯಾರ್ಗೂ ಗೊತ್ತಾಗಲ್ಲ," ಎಂದ.

ಮರಳಿ ಬಂದದ್ದು ಮುಂದಿನ ಮಂಗಳವಾರ ಸಂಜೆ. ಅಜ್ಜಿ ಅಡಿಗೆ ಮಾಡಿಟ್ಟಿದ್ದಳು. "ಬಂದ್ರಾ," ಎಂದಳು, ಅಷ್ಟೇ. ತಮ್ಮ ಸಮುದ್ರದ ವಿಷಯ, ದೋಣಿಯ ವಿಷಯ, ಏಡಿಯ ವಿಷಯ ಎಲ್ಲ ಒಂದೇ ಉಸಿರಿಗೆ ಹೇಳಿದ. ಅವನ ತಲೆ ನೇವರಿಸುತ್ತ ಕೇಳಿಸಿಕೊಂಡಳು. ನಮಗೆಲ್ಲ ಬಡಿಸಿದಳು. ಅಪ್ಪನ ತಟ್ಟೆಗೂ ಬಡಿಸಿದಳು, ಆದರೆ ಅವನ ಮುಖ ನೋಡಲಿಲ್ಲ. ಅವ್ವ, "ಮೈ ಸರಿ ಇಲ್ವಾ ಅತ್ತೆಮ್ಮ?" ಎಂದು ಕೇಳಿದಳು. "ಚೆನ್ನಾಗಿವ್ನಿ," ಎಂದಳು ಅಜ್ಜಿ. ದೊಡ್ಡಮ್ಮ ಅವಳಿಗೆಂದು ಕೊಟ್ಟಿದ್ದ ಹಪ್ಪಳದ ಕಟ್ಟನ್ನು ಬಿಚ್ಚದೆ ಗೂಡಿನಲ್ಲಿಟ್ಟಳು.

ಬೆಳಿಗ್ಗೆ ಶಾಲೆಯ ಗೇಟಿನಲ್ಲೇ ನನ್ನ ಕ್ಲಾಸಿನ ಹುಡುಗಿಯರು ಸುತ್ತುಗಟ್ಟಿದರು.

"ಕಾಗೆ ಬಲಗಡೆಯಿಂದ ಬಂತಾ, ಎಡಗಡೆಯಿಂದ ಬಂತಾ?"

"ಯಾವ ಕಾಗೆ?"

"ನಿಮ್ಮಜ್ಜಿ ತಲೆಗೆ ಮುಟ್ಟಿದ್ದು. ನಾವು ಶನಿವಾರ ನಿಮ್ಮನೆಗೆ ಬಂದಿದ್ವಲ್ಲ. ನಿಮ್ಮಜ್ಜಿ ನಮಗೆಲ್ಲ ಬೆಲ್ಲದ ಕಾಫಿ ಕೊಟ್ರು."

ಇವರು ನಮ್ಮ ಮನೆಗೆ ಬಂದಿದ್ದರು. ಅಜ್ಜಿಯನ್ನು ನೋಡಿದ್ದರು. ಬೇರೆ ಯಾವ ಮಾತೂ ನನ್ನ ಕಿವಿಗೆ ಹೋಗಲಿಲ್ಲ. ಬಾಯಿಗೆ ಬಂದಂತೆ "ಎಡಗಡೆ" ಎಂದುಬಿಟ್ಟೆ. ಒಬ್ಬಳು, "ನಾ ಹೇಳ್ಲಿಲ್ವಾ?" ಎಂದು ಇನ್ನೊಬ್ಬಳ ಭುಜ ತಟ್ಟಿದಳು.

ಮೊದಲ ಗಂಟೆ ಹೊಡೆಯುವ ಮುಂಚೆಯೇ ಜವಾನ ಬಂದು ಕರೆದ. ಹೆಡ್‌ಮಾಸ್ಟರು ತಮ್ಮ ಕೋಣೆಯಲ್ಲಿ ಒಬ್ಬರೇ ಇದ್ದರು. ಮೈಸೂರು ಸೀಮೆಯವರು, ತೆಳ್ಳಗಿನ ಮನುಷ್ಯ, ಸದಾ ಕೋಟು ಹಾಕುತ್ತಿದ್ದರು. ಮೇಜಿನ ಮೇಲೆ ನನ್ನ ಅರ್ಜಿ ಇತ್ತು. ನನ್ನ ದುಂಡಕ್ಷರ ಬಾಗಿಲಿಂದಲೇ ಕಾಣುತ್ತಿತ್ತು.

"ಒಳಗೆ ಬಾ. ನಿಮ್ಮಜ್ಜಿ ಹೇಗಿದ್ದಾರೆ?"

ನಾನು ಮೇಜಿನ ಮುಂದೆ ಹೋಗಿ ನಿಂತೆ.

ಅವರು ಕೂಗಾಡಲಿಲ್ಲ, ಬೆತ್ತಕ್ಕೂ ಕೈ ಹಾಕಲಿಲ್ಲ. ಆದದ್ದನ್ನು ಸಾವಕಾಶವಾಗಿ ಹೇಳಿದರು. ಅಜ್ಜಿ ತೀರಿಕೊಂಡರೆ ಮನೆಗೆಲಸಕ್ಕೆಂದು ದೊಡ್ಡ ಹುಡುಗಿಯನ್ನು ಶಾಲೆ ಬಿಡಿಸುತ್ತಾರೆ. ಹಿಂದಿನ ವರ್ಷ ಇಬ್ಬರು ಹುಡುಗಿಯರು ಹಾಗೆಯೇ ನಿಂತುಹೋಗಿದ್ದರು. ನನ್ನ ಮೇಲೆ ಅವರಿಗೆ ಆಸೆಯಿತ್ತು. ಅಪ್ಪನಿಗೆ ಒಂದು ಮಾತು ಹೇಳಿ ಬರೋಣ, ಸಮಾಧಾನವನ್ನೂ ಹೇಳಿದಂತಾಗುತ್ತದೆ ಎಂದು ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಹೊಲಿಗೆ ಟೀಚರನ್ನೂ ಆರು ಹುಡುಗಿಯರನ್ನೂ ಕರೆದುಕೊಂಡು ಮೂರು ಮೈಲಿ ಬಿಸಿಲಲ್ಲಿ ನಡೆದು ಬಂದಿದ್ದರು.

ಅಂಗಳದಲ್ಲಿ ಒಬ್ಬ ಮುದುಕಿ ಚಾಪೆಯ ಮೇಲೆ ಮೆಣಸು ಹರವುತ್ತಿದ್ದಳು. ಯಾರೋ ನೆಂಟರಿರಬೇಕು ಎಂದುಕೊಂಡು ಹೆಡ್‌ಮಾಸ್ಟರು, "ಹೀಗಾಗಬಾರದಿತ್ತು. ವಯಸ್ಸೆಷ್ಟಾಗಿತ್ತು?" ಎಂದು ಕೇಳಿದರು. "ಯಾರಿಗೆ ಸ್ವಾಮಿ?" ಎಂದಳು ಅವಳು. "ತೀರಿಕೊಂಡ ಅಜ್ಜಿಗೆ." ಅವಳಿಗೆ ಅರ್ಥವಾಗಲಿಲ್ಲ. ಆಗ ಅವರು ಜೇಬಿನಿಂದ ಅರ್ಜಿ ತೆಗೆದು ಓದಿ ಹೇಳಿದರು. ಕೆಳಗಿನ ರುಜುವಿನ ಹೆಸರನ್ನೂ ಓದಿದರು.

"ನಿಮ್ಮಜ್ಜಿ ಕೈಯಲ್ಲಿದ್ದ ಮೆಣಸನ್ನು ಕೆಳಗೆ ಬಿಡಲಿಲ್ಲ," ಎಂದರು ಹೆಡ್‌ಮಾಸ್ಟರು. "ಹಿಡಿದುಕೊಂಡೇ ಸ್ವಲ್ಪ ಹೊತ್ತು ನಿಂತಿದ್ದರು. ಆಮೇಲೆ ನಕ್ಕರು."

ನಕ್ಕು ಅಜ್ಜಿ ಹೇಳಿದಳಂತೆ: "ಓ, ಅದಾ ಮೇಷ್ಟ್ರೆ. ಹೋದ ವಾರ ಹಿತ್ಲಲ್ಲಿ ಕಾಗೆ ಬಂದು ನನ್ನ ತಲೆ ಮುಟ್ಬುಡ್ತು. ಸತ್ಲು ಅಂತ ಸುದ್ದಿ ಹಬ್ಬಿಸ್ಬೇಕಲ್ಲ, ಇಲ್ದಿದ್ರೆ ದೋಷ. ನಾನೇ ನನ್ನ ಮಗಂಗೆ ಹೇಳ್ದೆ, ಮೇಷ್ಟ್ರಿಗೂ ಬರ್ದು ಹಾಕ್ಲಾ ಅಂತ. ದೋಷ ಕಳೆಯಾಕೆ ಸುಬ್ರಹ್ಮಣ್ಯಕ್ಕೆ ಹರಕೆ ಹೊತ್ತಿದ್ದೆ, ಎಲ್ರೂ ಅಲ್ಲಿಗೇ ಹೋಗವ್ರೆ. ಬನ್ನಿ, ನೆರಳಿಗೆ ಕೂತ್ಕಳಿ."

ನಮ್ಮ ಕಡೆ ಆ ಪದ್ಧತಿ ಇತ್ತು. ಕಾಗೆ ತಲೆಗೆ ಮುಟ್ಟಿದರೆ ಸಾವು ಬಂತೆಂದು ಲೆಕ್ಕ. ಸತ್ತರೆಂದು ನೆಂಟರಿಗೆ ಸುಳ್ಳು ಸುದ್ದಿ ಕಳಿಸಿ, ಅವರು ಅತ್ತ ಮೇಲೆ ನಿಜ ತಿಳಿಸಿದರೆ ದೋಷ ಕಳೆದು ಆಯುಸ್ಸು ಗಟ್ಟಿಯಾಗುತ್ತದೆ ಎಂದು ನಂಬಿದ್ದರು. ಹುಡುಗಿಯರು ನಂಬಿದರು. ಹೊಲಿಗೆ ಟೀಚರು, ಸದ್ಯ, ಒಳ್ಳೆಯದೇ ಆಯಿತು ಎಂದರು.

ಹೆಡ್‌ಮಾಸ್ಟರು ಕನ್ನಡಕ ತೆಗೆದು ಒರೆಸಿಕೊಂಡರು.

"ನಾನೂ ಹಳ್ಳಿಯಲ್ಲೇ ಹುಟ್ಟಿದವನು. ಕಾಗೆ ಮುಟ್ಟಿದರೆ ಸುದ್ದಿ ಕಳಿಸುವುದು ನೆಂಟರಿಗೆ. ಅಳುವವರಿಗೆ. ಶಾಲೆಗೆ ರಜೆ ಅರ್ಜಿ ಬರೆಯುವುದಿಲ್ಲ. ನಿಮ್ಮಜ್ಜಿಗೆ ಅದು ಗೊತ್ತಿಲ್ಲವೆಂದಲ್ಲ. ನನ್ನ ಮುಂದೆ ಮಗನ ಮಾನ, ಮೊಮ್ಮಗಳ ಮಾನ ಉಳಿಸಲು ಅವರಿಗೆ ಸಿಕ್ಕಿದ್ದು ಅದೊಂದೇ." ಅವರು ಅರ್ಜಿಯನ್ನು ಮಡಿಸಿ ನನ್ನ ಮುಂದೆ ಇಟ್ಟರು. "ಹಾಜರಿಯಲ್ಲಿ ಎಂಟು ದಿನ ಗೈರು ಹಾಕಿದ್ದೇನೆ. ಪರೀಕ್ಷೆಗೆ ಕೂರು. ನಾನು ಯಾರಿಗೂ ಹೇಳುವುದಿಲ್ಲ. ಆದರೆ ಅಂದು ಅವರಿಗೆ ಇದನ್ನು ಓದಿದವನು ನಾನು. ಬರೆದವಳು ನೀನು. ಇವತ್ತು ಹೋಗಿ ನೀನೇ ಅವರ ಮುಂದೆ ಓದು."

ಆ ದಿನದ ಪಾಠಗಳು ಒಂದೂ ನೆನಪಿಲ್ಲ. ಮೂರು ಮೈಲಿ ಹೇಗೆ ನಡೆದೆನೋ ಅದೂ ನೆನಪಿಲ್ಲ. ಅಜ್ಜಿಗೆ ಗೊತ್ತಿದೆ, ಶನಿವಾರದಿಂದ ಗೊತ್ತಿದೆ, ಗೊತ್ತಿದ್ದೂ ನಿನ್ನೆ ನನಗೆ ಅನ್ನ ಬಡಿಸಿದಳು ಎಂಬುದಷ್ಟೇ ತಲೆಯಲ್ಲಿ ಸುತ್ತುತ್ತಿತ್ತು.

ಮನೆಗೆ ಬಂದಾಗ ಅಪ್ಪ ಹೊಸ್ತಿಲ ಮೇಲೆ ಕೂತು ಚಪ್ಪಲಿಗೆ ಮೊಳೆ ಹೊಡೆಯುತ್ತಿದ್ದ. ಅವ್ವ ನೀರಿಗೆ ಹೋಗಿದ್ದಳು. ಅಜ್ಜಿ ಒಳಗೆ ಒಲೆಯ ಮುಂದೆ ಕೂತಿದ್ದಳು. ನಾನು ಪುಸ್ತಕದ ಚೀಲವನ್ನು ಇಳಿಸದೆ ಅವಳ ಎದುರಿಗೆ ಹೋಗಿ ನಿಂತೆ.

"ಅಜ್ಜಿ, ಮೇಷ್ಟ್ರು ಇದನ್ನ ನಿಂಗೆ ಓದಿ ಹೇಳು ಅಂದ್ರು."

ಅವಳು ಕಾಗದವನ್ನು ಗುರುತಿಸಿದಳು. "ಓದು," ಎಂದಳು.

ಓದಿದೆ. 'ದೈವಾಧೀನ' ಎಂಬಲ್ಲಿ ನನ್ನ ಸ್ವರ ನಿಂತುಹೋಯಿತು. ಅವಳು ಕಾದಳು. ಮತ್ತೆ ಮೊದಲಿಂದ ಓದಿ ಮುಗಿಸಿದೆ. ಹೊರಗೆ ಸುತ್ತಿಗೆಯ ಸದ್ದು ನಿಂತಿತ್ತು.

"ನೀನೇ ಬರ್ದಿದ್ದಾ?"

"ಹೂಂ."

"ನಾನು ಪಕ್ಕದಲ್ಲಿ ಕೂತಿದ್ದಾಗ?"

"ಹೂಂ."

"ನೀನು ಮಗು. ಬರ್ದೆ." ಅವಳು ಮುಂದೆ ಕೇಳಿದ ಪ್ರಶ್ನೆಯನ್ನು ನಾನು ನಿರೀಕ್ಷಿಸಿರಲಿಲ್ಲ. "ನಿಮ್ಮಪ್ಪ ಓದಿ ರುಜು ಹಾಕ್ದನಾ, ಓದ್ದೆ ಹಾಕ್ದನಾ?"

ಓದದೆ ಹಾಕಿದ ಎಂದು ಹೇಳಬಹುದಿತ್ತು. ಅವಳು ನಂಬುತ್ತಿದ್ದಳು. ನಂಬಬೇಕೆಂದೇ ಅವಳು ಕೇಳಿದಳು ಎಂದು ಈಗ ಅನ್ನಿಸುತ್ತದೆ. ನಾನು ಬಾಗಿಲ ಕಡೆ ನೋಡಿದೆ. ಅಪ್ಪ ಎದ್ದು ನಿಂತಿದ್ದ, ಕೈಯಲ್ಲಿ ಇನ್ನೂ ಒಂದು ಚಪ್ಪಲಿಯಿತ್ತು.

"ಓದಿದ್ದೆ ಅವ್ವ," ಎಂದ.

ಅಜ್ಜಿ ಅಳಲಿಲ್ಲ. ಒಲೆಯ ಬೂದಿಯನ್ನು ಒಂದು ಕಡೆಗೆ ಸರಿಸಿದಳು. "ಸರಿ," ಎಂದಳು.

ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅವಳು ತನ್ನ ಎರಡು ಸೀರೆಯನ್ನು ಗಂಟು ಕಟ್ಟಿ ಜಗಲಿಯಲ್ಲಿ ಕೂತಿದ್ದಳು. ಹಾಲು ಕರೆದಿಟ್ಟಿದ್ದಳು. ಹಸುವಿಗೆ ಹುಲ್ಲು ಹಾಕಿದ್ದಳು. ಕೊಡ್ಲಿಪೇಟೆ ಹತ್ತಿರದ ನಮ್ಮ ಹಳ್ಳಿಯಲ್ಲಿ ಚಿಕ್ಕಪ್ಪನಿದ್ದ, ಅಪ್ಪನ ತಮ್ಮ. ಅವನ ಮನೆಗೆ ಹೋಗುತ್ತೇನೆ ಎಂದಳು. ಅವ್ವನಿಗೆ ಏನೂ ಗೊತ್ತಿರಲಿಲ್ಲ. ಅವಳು ಕೈ ಹಿಡಿದು, "ನಾನೇನ್ ತಪ್ಪು ಮಾಡ್ದೆ ಅತ್ತೆಮ್ಮ?" ಎಂದು ಅತ್ತಳು. "ನೀನೇನೂ ಮಾಡ್ಲಿಲ್ಲ ಕಣವ್ವ. ನೀನೊಬ್ಳೇ ನನ್ನ ಕರ್ದಿದ್ದು," ಎಂದಳು ಅಜ್ಜಿ. ಅಪ್ಪ ಲಾರಿಯಲ್ಲಿ ಬಸ್ಸಿನ ತನಕ ಬಿಡುತ್ತೇನೆಂದ. ಅವಳು ನಡೆದೇ ಹೋದಳು. ನಾನು ಶಾಲೆಯ ಚೀಲ ಹಿಡಿದು ಅವಳ ಹಿಂದೆ ಹತ್ತು ಮಾರು ದೂರದಲ್ಲಿ ನಡೆದೆ. ಅವಳು ಒಂದು ಸಲವೂ ತಿರುಗಿ ನೋಡಲಿಲ್ಲ. ಸೋಮವಾರಪೇಟೆಯ ಬಸ್ಸು ಬಂತು, ಹತ್ತಿದಳು. ನಾನು ಶಾಲೆಗೆ ಹೋದೆ.

ಆ ದಿನ ಅವ್ವನಿಗೆ ಅಪ್ಪನೇ ಎಲ್ಲವನ್ನೂ ಹೇಳಿದ. ಸಂಜೆ ನಾನು ಶಾಲೆಯಿಂದ ಬಂದಾಗ ಅವಳು ಮಂಗಳೂರಿನಿಂದ ತಂದಿದ್ದ ಹೊಸ ಸೀರೆಯನ್ನು ಪೆಟ್ಟಿಗೆಯ ತಳಕ್ಕೆ ಹಾಕುತ್ತಿದ್ದಳು. "ನಾನು ಸಮುದ್ರ ನೋಡ್ಲಿ ಅಂತ ಅವರ್ನ ಸಾಯಿಸಿದ್ರಾ?" ಎಂದು ಕೇಳಿದಳು. ಆ ಮಾತು ನನಗೋ ಅಪ್ಪನಿಗೋ ತಿಳಿಯಲಿಲ್ಲ.

ಅಪ್ಪ ಎರಡು ಸಲ ಕರೆಯಲು ಹೋಗಿ ಒಬ್ಬನೇ ಬಂದ. ಪರೀಕ್ಷೆ ಮುಗಿದ ಮೇಲೆ ನಾನೇ ಬೇಡಿಕೊಂಡು ಬೇಸಿಗೆ ರಜೆಗೆ ಚಿಕ್ಕಪ್ಪನ ಮನೆಗೆ ಹೋದೆ. ಅಲ್ಲಿಗೆ ಹೋದರೆ ಎಲ್ಲರಿಗೂ ವಿಷಯ ಗೊತ್ತಿರುತ್ತದೆ, ಚಿಕ್ಕಮ್ಮ ಮುಖಕ್ಕೆ ಹೊಡೆದಂತೆ ಕೇಳುತ್ತಾಳೆ ಎಂದು ಎದೆ ಗಟ್ಟಿ ಮಾಡಿಕೊಂಡಿದ್ದೆ. ಯಾರೂ ಏನೂ ಕೇಳಲಿಲ್ಲ. ಒಂದು ದಿನ ಊಟಕ್ಕೆ ಕೂತಾಗ ಚಿಕ್ಕಪ್ಪ, "ಅಲ್ಲವ್ವ, ಅಣ್ಣನ ಹತ್ರ ಏನ್ ಜಗಳ ಮಾಡ್ಕೊಂಡು ಬಂದೆ? ಇನ್ನೂ ಹೇಳ್ಲಿಲ್ಲ ನೀನು," ಎಂದ. ಅಜ್ಜಿ ಮಜ್ಜಿಗೆ ಬಡಿಸುತ್ತಲೇ, "ಜಗಳ ಎಂತದು? ನಿನ್ನ ಮಕ್ಕಳ್ನ ನೋಡಂಗಾಯ್ತು, ಬಂದೆ," ಎಂದಳು. ನನ್ನ ಕಡೆ ಕಣ್ಣೆತ್ತಿ ಸಹ ನೋಡಲಿಲ್ಲ. ಇಲ್ಲಿಯೂ ನಮಗಾಗಿ ಸುಳ್ಳು ಹೇಳುತ್ತಿದ್ದಾಳೆ ಎಂದು ಆಗ ತಿಳಿಯಿತು.

ನಾಲ್ಕೈದು ದಿನ ಕಳೆದ ಮೇಲೆ ಕೆರೆಯಲ್ಲಿ ಬಟ್ಟೆ ಒಗೆಯುವಾಗ ನಾವಿಬ್ಬರೇ ಇದ್ದೆವು. ತಪ್ಪಾಯಿತು ಎಂದು ಹೇಳಬೇಕೆಂದು ದಿನಾ ಅಂದುಕೊಳ್ಳುತ್ತಿದ್ದೆ. ಆ ದಿನ ಹೇಳಿದೆ. ಅವಳು ಸೀರೆ ಹಿಂಡುವುದನ್ನು ನಿಲ್ಲಿಸಿ ಕಲ್ಲಿನ ಮೇಲೆ ಕೂತಳು.

"ನಿಮ್ಮ ಮೇಷ್ಟ್ರು ಬಂದಿದ್ರಲ್ಲ ಅವತ್ತು. ನೀವೋಗಿ ಆರು ದಿನ ಆಗಿತ್ತು. ಲೈನಿನೋರೆಲ್ಲ ಬೆಳಿಗ್ಗೆ ಮೆಣಸು ಕುಯ್ಯಾಕೆ ಹೋಗೋರು. ಅವರ ಮಾತು ನಂಗೆ ಬರಲ್ಲ, ನನ್ನ ಮಾತು ಅವರಿಗೆ ಬರಲ್ಲ. ಆರು ದಿನ ಹಸಿನ ಹತ್ರ ಬಿಟ್ಟು ಇನ್ಯಾರ ಹತ್ರಾನೂ ಮಾತಾಡಿರ್ಲಿಲ್ಲ ನಾನು. ಆಗ ಆ ಮನುಷ್ಯ ಬಂದು, ನಾನು ಸತ್ತೋಗಿವ್ನಿ ಅಂತ ಕಾಗದ ಓದ್ದ, ಕೆಳಗೆ ನನ್ನ ಮಗನ ಹೆಸ್ರು ಓದ್ದ." ಅವಳು ತನ್ನ ಒದ್ದೆ ಕೈಗಳನ್ನು ನೋಡಿಕೊಂಡಳು. "ಒಂದು ಗಳಿಗೆ, ಹೌದೇನೋ ಅನ್ನಿಸ್ಬುಡ್ತು ಕಣ್ಮಗ. ಸತ್ತಿದ್ರೂ ಹಿಂಗೇ ಇರ್ತದೇನೋ ಅಂತ. ಅದ್ಕೇ ಮೆಣಸ ಗಟ್ಟಿಯಾಗಿ ಹಿಡ್ಕೊಂಡೆ."

ಅವಳು ಸೀರೆಯ ಇನ್ನೊಂದು ತುದಿಯನ್ನು ನನ್ನ ಕೈಗೆ ಕೊಟ್ಟಳು. ಇಬ್ಬರೂ ಹಿಂಡಿದೆವು.

ಮೇ ತಿಂಗಳ ಕೊನೆಗೆ ಅಪ್ಪ ಮೂರನೆಯ ಸಲ ಬಂದ. ಈ ಸಲ ಲಾರಿ ಇರಲಿಲ್ಲ, ಬಸ್ಸಿನಲ್ಲಿ ಬಂದು ಅಲ್ಲಿಂದ ನಡೆದಿದ್ದ. ಜಗಲಿಯ ಕೆಳಗೆ ಅಂಗಳದಲ್ಲೇ ನಿಂತು, ಚಿಕ್ಕಪ್ಪ, ಚಿಕ್ಕಮ್ಮ, ಪಕ್ಕದ ಮನೆಯವರು ಎಲ್ಲ ಕೇಳುವಂತೆ, ನಾನು ಇಂಥ ಕಾಗದಕ್ಕೆ ರುಜು ಹಾಕಿದೆ ಎಂದು ಹೇಳಿದ. ಅವ್ವನ ಮುಂದೆ ಕೂಡ ತಲೆ ತಗ್ಗಿಸದ ಮನುಷ್ಯ ಹತ್ತು ಜನರ ಮುಂದೆ ತಲೆ ತಗ್ಗಿಸಿ ನಿಂತಿದ್ದ. ಚಿಕ್ಕಪ್ಪನ ಬಾಯಿ ತೆರೆದದ್ದು ಮುಚ್ಚಲಿಲ್ಲ. ಪಕ್ಕದ ಮನೆಯ ಮುದುಕಿ "ಶಿವ ಶಿವ" ಎಂದು ಕಿವಿ ಮುಚ್ಚಿಕೊಂಡಳು. ನನಗೆ ಎಲ್ಲಾದರೂ ಓಡಿಹೋಗಬೇಕು ಅನ್ನಿಸಿತು. ಅಪ್ಪ ಹೇಳಿಕೊಂಡದ್ದರಲ್ಲಿ ನನ್ನ ಕೈಯಿತ್ತೆಂಬ ಮಾತೇ ಇರಲಿಲ್ಲ. ಬರೆಸಿದೆ ಎಂದ, ಯಾರ ಕೈಲಿ ಎಂದು ಹೇಳಲಿಲ್ಲ.

ಅಜ್ಜಿ ಬಾಗಿಲಲ್ಲಿ ನಿಂತು ಕೇಳಿದಳು. "ಊರಿಗೆಲ್ಲ ಯಾಕ್ ಹೇಳ್ದೆ? ನಾನು ಮುಚ್ಚಿಟ್ಟಿದ್ದೆನಲ್ಲ," ಎಂದಳು.

"ನೀನು ಎಷ್ಟು ದಿನ ಸುಳ್ಳು ಹೇಳ್ತೀಯ ಅವ್ವ ನನಗೋಸ್ಕರ."

ಅವಳು ಒಳಗೆ ಹೋದಳು. ಇವತ್ತೂ ಬರುವುದಿಲ್ಲ ಎಂದುಕೊಂಡೆವು. ಹೊರಗೆ ಬಂದಾಗ ಅವಳ ಕೈಯಲ್ಲಿ ನೀರಿನ ಚೊಂಬಿತ್ತು. "ಕಾಲು ತೊಳ್ಕೊ. ಉಣ್ಣು ಮೊದ್ಲು," ಎಂದಳು.

ಮುಂಗಾರು ಹಿಡಿಯುವ ಮುಂಚೆ ಅವಳು ನಮ್ಮ ಮನೆಗೆ ವಾಪಸು ಬಂದಳು. ಆಮೇಲೆ ಬಹಳ ವರ್ಷ ಬದುಕಿದಳು. ಅಪ್ಪನ ಹತ್ತಿರ ಮಾತೂ ಆಡುತ್ತಿದ್ದಳು, ಅವನ ಬೀಡಿಗೆ ಬೈಯುತ್ತಲೂ ಇದ್ದಳು. ಆದರೆ ಅಪ್ಪ ಯಾವುದಾದರೂ ಕಾಗದ ಹಿಡಿದು ಬಾಗಿಲ ಬೆಳಕಿಗೆ ಹೋಗಿ ಬೆರಳಿಟ್ಟು ಓದತೊಡಗಿದರೆ ಸಾಕು, ಅವಳು ಮಾಡುತ್ತಿದ್ದ ಕೆಲಸ ಬಿಟ್ಟು, ಆ ಬೆರಳು ಕೊನೆಯ ಸಾಲು ಮುಟ್ಟುವ ತನಕ ಅವನನ್ನೇ ನೋಡುತ್ತ ಕೂರುತ್ತಿದ್ದಳು.